ಪೂರ್ವಪಕ್ಷದ ಹುಡುಗಿ

ಸೆಪ್ಟೆಂಬರ್ ೬, ಶನಿವಾರ

ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗಬೇಕಾದ ಮೂವತ್ತೊಂದು ಮಕ್ಕಳನ್ನು ಈ ವರ್ಷ ನನ್ನ ಕೈಗೆ ಒಪ್ಪಿಸಿದ್ದಾರೆ. ಎಲ್ಲರೂ ಹದಿನೈದರ ಆಸುಪಾಸಿನವರು. ನವೆಂಬರ್ ಹದಿನೈದರಂದು ಬಿಷಪರು ಬಂದು ಇವರ ಹಣೆಗೆ ಪವಿತ್ರ ತೈಲ ಹಚ್ಚುವರು. ತೊಟ್ಟಿಲ ಕಾಲದಲ್ಲಿ ತಂದೆತಾಯಂದಿರು ಇವರ ಪರವಾಗಿ ಆಡಿದ ‘ನಂಬುತ್ತೇನೆ’ ಎಂಬ ಮಾತನ್ನು ಅಂದು ಇವರೇ ಸ್ವಂತ ಬಾಯಿಂದ ಆಡಬೇಕು.

ದುಬೈನ ನಮ್ಮ ಚರ್ಚಿನಲ್ಲಿ ಹದಿನೇಳು ವರ್ಷಗಳಿಂದ ಈ ಧರ್ಮಶಿಕ್ಷಣದ ತರಗತಿ ನಡೆಸುತ್ತಿದ್ದೇನೆ. ಮಕ್ಕಳು ಚೆನ್ನಾಗಿ ಕಂಠಪಾಠ ಒಪ್ಪಿಸುತ್ತಾರೆ, ಮರುದಿನವೇ ಮರೆಯುತ್ತಾರೆ. ಈ ಸಲ ಹಾಗಾಗಕೂಡದು. ಸೆಮಿನರಿಯಲ್ಲಿ ನಾಲ್ಕು ವರ್ಷ ಓದಿ, ಪಾದ್ರಿಯಾಗದೆ ಹೊರಬಂದವನು ನಾನು. ಅಲ್ಲಿಂದ ತಂದದ್ದೆಂದರೆ ಮಧ್ಯಯುಗದ ತತ್ತ್ವಜ್ಞಾನಿಗಳ ಮೇಲಿನ ಪ್ರೀತಿಯೊಂದೇ. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ವಾದಗೋಷ್ಠಿ ನಡೆಯುತ್ತಿದ್ದ ರೀತಿಯಲ್ಲೇ ಪಾಠ ಮಾಡುವೆನೆಂದು ನಿಶ್ಚಯಿಸಿದ್ದೇನೆ.

ಹೆಂಡತಿ ಜೋಸ್ಫಿನ್‌ಗೆ ಹೇಳಿದೆ. “ಆ ಮಕ್ಕಳಿಗೆ ಸ್ಕೂಲ್ ಉಂಟು, ಟ್ಯೂಷನ್ ಉಂಟು, ಈಜು ಉಂಟು. ಇನ್ನು ನಿಮ್ಮ ಹದಿಮೂರನೇ ಶತಮಾನವೂ ಉಂಟಾ ಮಾರಾಯ್ರೆ?” ಎಂದಳು. ಇಪ್ಪತ್ತೆಂಟು ವರ್ಷ ನರ್ಸ್ ಆಗಿ ದುಡಿದವಳು. ಔಷಧಿ ಕೊಡುವುದಕ್ಕೆ ರೋಗಿಯ ಒಪ್ಪಿಗೆ ಕೇಳುವ ಅಭ್ಯಾಸ ಅವಳಿಗಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ನಿಯಮಗಳನ್ನು ವಿವರಿಸಿದೆ. ಮೊದಲು ಎದುರು ಪಕ್ಷದ ವಾದ ಬರಬೇಕು. ಅದೂ ಎದುರಾಳಿಯೇ ಬೆರಗಾಗುವಷ್ಟು ಬಲವಾಗಿ, ‘ಹೀಗೆ ತೋರುತ್ತದೆ’ ಎಂಬ ಪೀಠಿಕೆಯೊಂದಿಗೆ. ಆಮೇಲೆ ನಮ್ಮ ಪಕ್ಷ. ಕೊನೆಗೆ, ಬೇರೆ ದಿನ, ಗುರು ತನ್ನ ತೀರ್ಮಾನವನ್ನು ಓದಿ ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಡಬೇಕು. ಅಲ್ ಕೂಜ್‌ನ ನನ್ನ ಕಚೇರಿಯಲ್ಲಿ ಕಟ್ಟಡದ ನಕ್ಷೆಗಳ ಕಡತ ನೋಡಿಕೊಳ್ಳುವ ನನಗೆ ಇದು ಹೊಸತಲ್ಲ. ಕನ್ಸಲ್ಟೆಂಟ್ ಬರೆದ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಹೋಗದ ಹೊರತು ನಕ್ಷೆ ಅಲ್ಲಿ ಮಂಜೂರಾಗುವುದಿಲ್ಲ.

ಚರ್ಚೆಗೆ ಎತ್ತಿಕೊಂಡದ್ದು ಹನ್ನೊಂದನೆಯ ಶತಮಾನದ ಒಬ್ಬ ಮಠಾಧಿಪತಿಯ ಪುರಾವೆ. ಇದಕ್ಕಿಂತ ದೊಡ್ಡದನ್ನು ಊಹಿಸುವುದೇ ಸಾಧ್ಯವಿಲ್ಲ ಎಂಬಂಥ ಒಂದನ್ನು ಮನಸ್ಸಿನಲ್ಲಿ ತಂದುಕೊಳ್ಳಿ, ಅದೇ ದೇವರು. ಅದು ಮನಸ್ಸಿನಲ್ಲಿ ಮಾತ್ರ ಇದ್ದರೆ, ಹೊರಗೂ ಇರುವಂಥದ್ದು ಅದಕ್ಕಿಂತ ದೊಡ್ಡದಾಯಿತು. ಆದ್ದರಿಂದ ಅದು ಹೊರಗೂ ಇರಲೇಬೇಕು. ಇಪ್ಪತ್ತರ ಹರೆಯದಲ್ಲಿ ಇದನ್ನು ಮೊದಲು ಕೇಳಿದ ದಿನ ನಾನು ಊಟ ಬಿಟ್ಟು ತೋಟದಲ್ಲಿ ತಿರುಗಾಡಿದ್ದೆ.

ಎದುರು ಪಕ್ಷಕ್ಕೆ ಜೋಯ್ಲಿನ್‌ಳನ್ನು ಆರಿಸಿದೆ. ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿರುವ ಕ್ಲಾರೆನ್ಸರ ಮಗಳು. ತಾಯಿ ಲವಿನಾ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ವಾರಾಂತ್ಯಕ್ಕೆ ಮಾತ್ರ ಮನೆಗೆ ಬರುತ್ತಾರೆ.

“ಸರ್, ನಾನು ಸೋಲೋ ಹಾಗೆ ಮಾತಾಡ್ಬೇಕಾ, ಗೆಲ್ಲೋ ಹಾಗಾ?” ಎಂದು ಕೇಳಿದಳು.

“ಗೆಲ್ಲುವ ಹಾಗೆ” ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ, “ಅವಳು ಗೆದ್ರೆ ಮುಂದಿನ ಶನಿವಾರ ನಮಗೆ ರಜೆಯಾ ಸರ್?” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಸೆಪ್ಟೆಂಬರ್ ೨೭, ಶನಿವಾರ

ಇಷ್ಟು ಜೀವಂತವಾದ ತರಗತಿಯನ್ನು ಈ ಹದಿನೇಳು ವರ್ಷಗಳಲ್ಲಿ ನಾನು ಕಂಡಿಲ್ಲ.

ಜೋಯ್ಲಿನ್ ಎದ್ದು ನಿಂತು, ನಿಯಮದಂತೆ, “ದೇವರಿಲ್ಲವೆಂದು ತೋರುತ್ತದೆ” ಎಂದೇ ಆರಂಭಿಸಿದಳು. ಮುಂದಿನದು ಅವಳದೇ. ಬಿಲ್ಡರ್‌ಗಳು ಮಾಲ್‌ಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವ ಮಾದರಿ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಂಡಳು. “ಕಿಟಕಿ ಕಿಟಕಿಗೂ ಲೈಟ್ ಇದೆ, ಈಜುಕೊಳ ಇದೆ, ಬೆರಳಷ್ಟು ಮರಗಳಿವೆ. ಇದಕ್ಕಿಂತ ಒಳ್ಳೆಯ ಕಟ್ಟಡ ಊಹಿಸೋಕೆ ಆಗಲ್ಲ ಅಂತ ಬೋರ್ಡು ಹಾಕಿದ್ದಾರೆ. ಊಹೆಯಲ್ಲೇ ಇದ್ರೆ ಅದು ಅತ್ಯುತ್ತಮ ಆಗಲ್ಲ, ಹಾಗಾಗಿ ಅದು ಹೊರಗೂ ಇರಲೇಬೇಕು, ಅಲ್ವಾ? ನಾವು ಆ ಜಾಗಕ್ಕೆ ಹೋಗಿ ನೋಡಿದ್ವಿ. ಬರೀ ಮರಳಿತ್ತು.”

ನಮ್ಮ ಪಕ್ಷದ ಇಬ್ಬರು ಹುಡುಗರು ಉತ್ತರಕ್ಕಾಗಿ ಟಿಪ್ಪಣಿಗಳನ್ನು ತಿರುವಿ ಹಾಕುತ್ತಿದ್ದರು. ಅಷ್ಟರಲ್ಲಿ ಮುಂದಿನ ತರಗತಿಯ ಪುಟಾಣಿಗಳು ಬಾಗಿಲು ತಟ್ಟಿದ್ದರಿಂದ ಕೊಠಡಿ ಬಿಡಬೇಕಾಯಿತು. ಇರಲಿ, ಗುರುವಿನ ತೀರ್ಮಾನಕ್ಕೆ ಬೇರೆ ದಿನವೇ ಶಾಸ್ತ್ರ. ಮುಂದಿನ ಶನಿವಾರಕ್ಕೆ ಬರೆದು ತರುತ್ತೇನೆ. ಮನೆಗೆ ಬಂದೊಡನೆ ಕುಳಿತೆ, ಹನ್ನೆರಡು ಪುಟಗಳಾದವು. ಹುಡುಗಿಯ ಆಕ್ಷೇಪ ಚೆಲುವಾಗಿದೆ, ಉರುಳಿಸುವುದು ಕಷ್ಟವಲ್ಲ.

ಅಕ್ಟೋಬರ್ ೧, ಬುಧವಾರ

ತರಗತಿಯ ಯಾವುದೋ ಮಗು ಅಂದು ಫೋನಿನಲ್ಲಿ ಚಿತ್ರೀಕರಿಸಿಕೊಂಡಿತ್ತಂತೆ. ಮೂವತ್ತೆಂಟು ಸೆಕೆಂಡುಗಳ ತುಣುಕು. ಅದು ‘ದೇವರಿಲ್ಲ’ದಿಂದ ಆರಂಭವಾಗಿ ‘ಮರಳಿತ್ತು’ ಎಂಬಲ್ಲಿಗೆ ಮುಗಿಯುತ್ತದೆ. ಪಾಲಕರ ವಾಟ್ಸಾಪ್ ಗುಂಪಿನಿಂದ ಹೊರಟು, ಊರಿನಲ್ಲಿ, ಶಿರ್ವದಲ್ಲಿರುವ ಜೋಯ್ಲಿನ್‌ಳ ಅಜ್ಜಿಯ ಕೈಗೆ ತಲುಪಲು ಅದಕ್ಕೆ ಎರಡೇ ದಿನ ಸಾಕಾಗಿದೆ. ಕ್ಲಾರೆನ್ಸ್ ಕೆಲಸದ ನಡುವೆ ಫೋನ್ ಮಾಡಿದರು.

“ನಾರ್ಬರ್ಟ್ ಸರ್, ನನ್ನ ಅಮ್ಮ ಅಳ್ತಾ ಇದ್ದಾರೆ. ದುಬೈಗೆ ಹೋಗಿ ಮಗು ಹಾಳಾಯ್ತು ಅಂತ ಊರಿಡೀ ಸುದ್ದಿ. ನಾನು ಎಂತ ಹೇಳುವುದು?”

“ಅದು ವಾದದ ಮೊದಲ ಭಾಗ ಮಾತ್ರ ಎನ್ನಿ. ಶನಿವಾರ ಉಳಿದದ್ದನ್ನು ನಾನೇ ಮುಗಿಸುತ್ತೇನೆ” ಎಂದು ಧೈರ್ಯ ಕೊಟ್ಟೆ.

ಅಕ್ಟೋಬರ್ ೨, ಗುರುವಾರ

ಪಕ್ಕದ ಮೇಜಿನ ದ್ವಾರಕನಾಥರಿಗೆ ತುಣುಕನ್ನು ತೋರಿಸಿದೆ. ಮೈಸೂರಿನವರು, ಅಜ್ಜ ಸಂಸ್ಕೃತ ವಿದ್ವಾಂಸರಾಗಿದ್ದರಂತೆ. ಎರಡು ಸಲ ನೋಡಿ, “ಇದು ಪೂರ್ವಪಕ್ಷ ಅಲ್ವೇನ್ರೀ? ನಮ್ಮ ತಾತ ಇಡೀ ಬೆಳಿಗ್ಗೆ ಪೂರ್ವಪಕ್ಷ ಹೇಳಿ ಊಟಕ್ಕೆ ಎದ್ದುಬಿಡೋರು. ಸಿದ್ಧಾಂತ ಸಾಯಂಕಾಲ. ಮಧ್ಯದಲ್ಲಿ ಯಾರಾದ್ರೂ ಬಂದ್ರೆ ಇವರು ನಾಸ್ತಿಕರು ಅಂದ್ಕೊಂಡು ಹೋಗ್ತಿದ್ರು” ಎಂದು ನಕ್ಕರು. ಆ ಮಾತಿನಿಂದ ಮನಸ್ಸು ಹಗುರಾಯಿತು.

ಅಕ್ಟೋಬರ್ ೪, ಶನಿವಾರ

ಇಂದು ತರಗತಿ ನಡೆಯಲಿಲ್ಲ. ಧರ್ಮಶಿಕ್ಷಣದ ಸಂಯೋಜಕ ಲಿಡ್ವಿನ್ ನನ್ನನ್ನು ಕಚೇರಿಗೆ ಕರೆದರು. ಸಜ್ಜನರು, ನನಗಿಂತ ಹತ್ತು ವರ್ಷ ಚಿಕ್ಕವರು.

“ಸರ್, ನಿಮ್ಮ ಮೇಲೆ ಗೌರವ ಉಂಟು. ಆದ್ರೆ ಇದು ಪರವೂರು. ಇಲ್ಲಿನವರು ದೊಡ್ಡ ಮನಸ್ಸು ಮಾಡಿ ನಮಗೆ ಚರ್ಚಿಗೆ ಜಾಗ ಕೊಟ್ಟಿದ್ದಾರೆ. ಆ ಕಂಪೌಂಡಿನೊಳಗೆ ನಿಂತು ಮಗು ದೇವರಿಲ್ಲ ಅಂದ್ರೆ, ಕೇಳಿದವರು ನಿಮ್ಮ ಶತಮಾನ ವಿಚಾರಿಸ್ತಾರಾ?”

ಅವರು ಕೇಳುವುದು ಇಷ್ಟೆ. ಹದಿನೆಂಟರವರೆಗೆ ತರಗತಿ ಇಲ್ಲ, ಅಂದು ಪಾಲಕರ ಸಭೆ ಇದೆ. ಅಲ್ಲಿ ಜೋಯ್ಲಿನ್ ಮೂರು ಸಾಲಿನ ಹೇಳಿಕೆ ಓದಬೇಕು. ಓದಿದರೆ ಖಲಾಸ್, ಎಲ್ಲ ಮುಗಿಯಿತು. ಓದದಿದ್ದರೆ ದೃಢೀಕರಣದ ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ. ಹೇಳಿಕೆಯನ್ನು ನಾನೇ ಬರೆದುಕೊಡುವುದಾಗಿ ಒಪ್ಪಿಕೊಂಡೆ. ವಿವೇಕದ ಮಾರ್ಗವೆಂದೇ ತೋರಿತು. ಮಗು ಯಾವ ಅವಮಾನವೂ ಇಲ್ಲದೆ ಪಾರಾಗುತ್ತದೆ.

ನನ್ನ ತೀರ್ಮಾನದ ಬರಹವನ್ನು ತಿದ್ದಿದೆ. ಒಂದೆರಡು ವಾದಗಳು ಸಡಿಲವೆನಿಸಿ ತೆಗೆದೆ. ಒಂಬತ್ತು ಪುಟ.

ಅಕ್ಟೋಬರ್ ೧೦, ಶುಕ್ರವಾರ

ಅರ್ಧ ದಿನದ ಕೆಲಸ ಮುಗಿಸಿ ಸತ್ವಾದಲ್ಲಿರುವ ಕ್ಲಾರೆನ್ಸರ ಮನೆಗೆ ಹೋದೆ. ನಮ್ಮ ಮನೆಯಿಂದ ನಡೆದರೆ ಎಂಟು ನಿಮಿಷ. ದರ್ಜಿ ಅಂಗಡಿಗಳ ಸಾಲಿನ ಹಿಂದಿನ ಹಳೆಯ ವಿಲ್ಲಾ, ಮೂರು ಸಂಸಾರಗಳಿಗೆ ಒಂದೇ ಹೆಬ್ಬಾಗಿಲು. ಸಮವಸ್ತ್ರ ಬದಲಿಸಲೂ ಸಮಯ ಸಿಗದೆ ಕ್ಲಾರೆನ್ಸ್ ನನ್ನ ಮುಂದೆ ಕುಳಿತರು. ಹೇಳಿಕೆಯನ್ನು ಜೋಯ್ಲಿನ್‌ಳ ಕೈಗೆ ಕೊಟ್ಟೆ. ನಾನು ಬರೆದದ್ದು ಹೀಗಿತ್ತು:

‘ಸೆಪ್ಟೆಂಬರ್ ೨೭ರಂದು ನಾನು ಆಡಿದ ಮಾತುಗಳನ್ನು ಗುರುಗಳ ಸೂಚನೆಯಂತೆ ಆಡಿದೆ. ಅದು ಅಭಿನಯ ಮಾತ್ರ, ನನ್ನ ಮನಸ್ಸಿನಲ್ಲಿ ಅಂಥ ಯಾವ ಸಂಶಯವೂ ಇಲ್ಲ. ಇದರಿಂದ ನೊಂದವರೆಲ್ಲರ ಕ್ಷಮೆ ಕೇಳುತ್ತೇನೆ.’

ನಿಧಾನವಾಗಿ ಓದಿದಳು. “ಫಸ್ಟ್ ಲೈನ್ ಓಕೆ ಸರ್. ಲಾಸ್ಟ್ ಲೈನ್ ಕೂಡ ಓಕೆ, ಅಜ್ಜಿಗೆ ನಿಜವಾಗಿ ಬೇಜಾರಾಗಿದೆ. ಸೆಕೆಂಡ್ ಲೈನ್ ಸುಳ್ಳು.”

“ಸುಳ್ಳಲ್ಲ ಅದು, ಫಾರ್ಮಾಲಿಟಿ. ಓದಿ ಮುಗಿಸಿಬಿಡು, ಯಲ್ಲಾ, ಬೇಗ” ಎಂದರು ಕ್ಲಾರೆನ್ಸ್.

“ಹಾಗಾದ್ರೆ ಬಿಷಪ್ ಮುಂದೆ ನಂಬ್ತೇನೆ ಅನ್ನೋದೂ ಫಾರ್ಮಾಲಿಟಿನಾ ಡ್ಯಾಡಿ?”

ಕ್ಲಾರೆನ್ಸ್ ನನ್ನ ಮುಖ ನೋಡಿದರು. ಉತ್ತರ ನಾನು ಕೊಡಬೇಕಾಗಿತ್ತು.

“ಜೋಯ್, ಅದು ನಾನು ನಿನಗೆ ಕೊಟ್ಟ ಪಾತ್ರವಲ್ಲವೇ?” ಎಂದೆ.

“ಶುರುವಾದಾಗ ಪಾತ್ರ ಸರ್. ಬರೀತಾ ಬರೀತಾ ನನ್ನದೇ ಆಯ್ತು. ಗೆಲ್ಲೋ ಹಾಗೆ ಮಾತಾಡು ಅಂದ್ರಿ. ಈಗ ಸೋತೆ ಅಂತ ಓದು ಅಂದ್ರೆ, ಯಾರಿಗೆ ಸೋತೆ ಅಂತ ಓದ್ಲಿ? ಯಾರೂ ಉತ್ತರ ಕೊಟ್ಟಿಲ್ಲ.”

“ಹಾಗಾದರೆ ನಿನಗೆ ದೃಢೀಕರಣ ಬೇಡವೇ?”

“ಬೇಕು ಸರ್” ಎಂದಳು, ಒಂದು ಕ್ಷಣವೂ ತಡೆಯದೆ. “ಸುಳ್ಳು ಹೇಳಿ ಬೇಡ.”

ಹೇಳಿಕೆಯನ್ನು ಮಡಚಿ ನನಗೇ ಹಿಂದಿರುಗಿಸಿದಳು. ಹದಿಹರೆಯದ ಹಟ, ಇನ್ನೂ ಎಂಟು ದಿನ ಇದೆ. ನನ್ನ ತೀರ್ಮಾನವನ್ನು ಓದಿದರೆ ಎರಡನೆಯ ಸಾಲು ತಾನಾಗಿ ನಿಜವಾಗುವುದು.

ಅಕ್ಟೋಬರ್ ೧೧, ಶನಿವಾರ

ಆರು ಪುಟ.

ಅಕ್ಟೋಬರ್ ೧೪, ಮಂಗಳವಾರ

ಕಚೇರಿಯಲ್ಲಿ ಇಂದು ಹದಿನಾಲ್ಕನೆಯ ಮಹಡಿಯ ನಕ್ಷೆ ಯಾವ ಆಕ್ಷೇಪವೂ ಇಲ್ಲದೆ ಮಂಜೂರಾಗಿ ಬಂತು. ಮೊಹರು ಹಾಕಿ ಕಡತಕ್ಕೆ ಸೇರಿಸಿದೆ. ಅಲ್ಲಿನ್ನೂ ಒಂಬತ್ತನೆಯ ಮಹಡಿಯ ಕೆಲಸವೇ ನಡೆಯುತ್ತಿದೆ. ಹದಿನಾಲ್ಕನೆಯ ಮಹಡಿ ಇರಬೇಕಾದ ಕಡೆ ಈಗ ಇರುವುದು ಗಾಳಿ. ಇಪ್ಪತ್ತನಾಲ್ಕು ವರ್ಷ ಈ ಕೆಲಸ ಮಾಡಿಯೂ ಒಂದು ನಕ್ಷೆ ಪರಿಪೂರ್ಣವಾದ ಮಾತ್ರಕ್ಕೆ ಕಟ್ಟಡ ಎದ್ದು ನಿಂತದ್ದನ್ನು ನಾನು ಕಂಡಿಲ್ಲ.

ನನ್ನ ಬರಹದ ಮೂರನೆಯ ಪುಟದ ವಾದವನ್ನೂ ತೆಗೆಯಬೇಕಾಯಿತು.

ಅಕ್ಟೋಬರ್ ೧೭, ಶುಕ್ರವಾರ

ಬರಹವನ್ನು ಜೋಸ್ಫಿನ್‌ಗೆ ಓದಿ ತೋರಿಸಿದೆ. ಮೀನು ತೊಳೆಯುತ್ತಾ ಕೇಳಿದಳು.

“ಇಷ್ಟೇನಾ? ಮೊದಲು ಒಂದು ಕಟ್ಟು ಇತ್ತಲ್ಲ.”

“ಉಳಿದದ್ದು ನಿಲ್ಲಲಿಲ್ಲ.”

“ನಾನೊಂದು ಕೇಳ್ತೇನೆ, ಬೈಯ್ಬೇಡಿ. ಈ ಪುರಾವೆ ಇಲ್ಲದಿದ್ರೆ ನೀವು ನಾಳೆಯಿಂದ ಪೂಜೆಗೆ ಬರೋದಿಲ್ವಾ?”

“ಬರುತ್ತೇನೆ.”

“ಮತ್ತೆ ಆ ಹುಡುಗಿಗೆ ಯಾಕೆ ಅದು ಬೇಕೇ ಬೇಕು?” ಎಂದು ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಮುಂದಿನ ಮಾತು ಕೇಳಿಸಲಿಲ್ಲ.

ಈಗ ಬರಹ ಅರ್ಧ ಪುಟವಾಗಿದೆ. ಚೆನ್ನಾಗಿದೆ. ನಾಳೆಯ ಸಭೆಯ ಬಗ್ಗೆ ನನಗೆ ಯಾವ ಅಂಜಿಕೆಯೂ ಇಲ್ಲ.

ಅಕ್ಟೋಬರ್ ೧೮, ಶನಿವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಕ್ಲಾರೆನ್ಸ್, ಅಬುಧಾಬಿಯಿಂದ ಬಸ್ಸು ಹಿಡಿದು ಬಂದಿದ್ದ ಲವಿನಾ, ನಡುವೆ ಜೋಯ್ಲಿನ್. ನಮ್ಮ ಪಾದ್ರಿ ಫಾದರ್ ಡ್ಯಾನಿಯಲ್ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಲಿಡ್ವಿನ್ ಪ್ರಾರ್ಥನೆ ಮುಗಿಸಿ, “ಈಗ ಜೋಯ್ಲಿನ್ ಒಂದು ಹೇಳಿಕೆ ಓದ್ತಾಳೆ” ಎಂದರು.

ಅವಳು ಏಳುವ ಮುನ್ನ ನಾನು ಎದ್ದೆ. “ನಿಯಮದ ಪ್ರಕಾರ ಈಗ ಸರದಿ ಗುರುವಿನದು. ಸೆಪ್ಟೆಂಬರ್ ಇಪ್ಪತ್ತೇಳರಂದು ನಾನು ಅರ್ಧಕ್ಕೆ ಬಿಟ್ಟ ಪಾಠ ಇದು” ಎಂದು ಹೇಳಿ, ಪೂರ್ವಪಕ್ಷವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಓದಿದೆ. ದೇವರಿಲ್ಲವೆಂದು ತೋರುತ್ತದೆ ಎಂಬಲ್ಲಿಂದ ಮರಳಿನವರೆಗೆ. ಮೂರು ನಾಲ್ಕು ಫೋನುಗಳು ಮೇಲೆದ್ದವು. ಕಾಣಲಿ ಎಂದು ಮುಖವನ್ನು ಅವುಗಳ ಕಡೆ ತಿರುಗಿಸಿಕೊಂಡೆ.

ಆಮೇಲೆ ಅರ್ಧ ಪುಟದ ತೀರ್ಮಾನ ಓದಿದೆ. ಈ ಪುರಾವೆಯ ಮಟ್ಟಿಗೆ ಆಕ್ಷೇಪ ಸರಿಯಾಗಿದೆ. ಮಠಾಧಿಪತಿಯ ಕಾಲದಲ್ಲೇ ಇನ್ನೊಬ್ಬ ಸನ್ಯಾಸಿ ಇಂಥದೇ ಆಕ್ಷೇಪ ಎತ್ತಿದ್ದ. ಅವನೂ ದಿನಕ್ಕೆ ಏಳು ಸಲ ಪ್ರಾರ್ಥಿಸುತ್ತಿದ್ದವನೇ. ಮಠಾಧಿಪತಿ ಸಿಟ್ಟಾಗಲಿಲ್ಲ, ತನ್ನ ಬರಹದ ಪ್ರತಿ ತೆಗೆಯುವವರು ಆ ಆಕ್ಷೇಪವನ್ನೂ ಜೊತೆಗೇ ಬರೆಯಬೇಕೆಂದ. ಇನ್ನೂರು ವರ್ಷಗಳ ಬಳಿಕ ಧರ್ಮಸಭೆಯ ಅತಿ ದೊಡ್ಡ ಆಚಾರ್ಯರು ಈ ಪುರಾವೆ ನಿಲ್ಲದೆಂದು ತೀರ್ಮಾನಿಸಿದರು. ಅವರನ್ನು ನಾವು ಸಂತರೆನ್ನುತ್ತೇವೆ. ದೇವರಿದ್ದಾನೆ ಎಂದು ನಾನು ನಂಬುತ್ತೇನೆ, ಆದರೆ ಈ ದಾರಿಯಿಂದ ಈ ಮಗುವನ್ನು ಅಲ್ಲಿಗೆ ಕರೆದೊಯ್ಯಲು ನನ್ನಿಂದಾಗಲಿಲ್ಲ.

ಇಷ್ಟಕ್ಕೆ ಕುಳಿತೆ. ಲವಿನಾ ಎದ್ದು ನಿಂತರು. ಮೆಲ್ಲಗೆ ಮಾತಾಡುವ ಹೆಂಗಸು.

“ಸರ್, ಮೂವತ್ತೊಂದು ಮಕ್ಕಳಲ್ಲಿ ಇದಕ್ಕೆ ನನ್ನ ಮಗಳನ್ನೇ ಯಾಕೆ ಆರಿಸಿದ್ರಿ?”

“ಬಾಯಿಮಾತಿಗೆ ವಾದ ಮಾಡುವವಳಲ್ಲ ಎಂದು ಗೊತ್ತಿತ್ತು.”

“ಗೊತ್ತಿದ್ದೂ ಅವಳ ಕೈಗೆ ಸುಳ್ಳು ಬರೆದುಕೊಟ್ರಿ.”

ನಾನು ಮತ್ತೆ ಎದ್ದು ನಿಂತೆ.

“ಬರೆದುಕೊಟ್ಟೆ. ಅದು ನನ್ನ ತಪ್ಪು” ಎಂದೆ. ಜೇಬಿನಿಂದ ಹೇಳಿಕೆಯನ್ನು ತೆಗೆದು ಹರಿದೆ. ಜೋಯ್ಲಿನ್ ತಲೆ ಎತ್ತಲಿಲ್ಲ. ಹಿಂದಿನಿಂದ ಒಬ್ಬರು, “ಹಾಗಾದ್ರೆ ಈ ಹುಡುಗಿ ಪಟ್ಟಿಯಲ್ಲಿ ಇದ್ದಾಳಾ, ಇಲ್ವಾ? ಅಷ್ಟು ಹೇಳಿ, ಪಾರ್ಕಿಂಗ್ ಟೈಮ್ ಆಯ್ತು” ಎಂದರು. ಲಿಡ್ವಿನ್ ಫಾದರ್ ಡ್ಯಾನಿಯಲ್ ಕಡೆ ನೋಡಿದರು. ಫಾದರ್, “ನಾನು ಅವಳ ಜೊತೆ ಮಾತಾಡಬೇಕು. ಒಬ್ಬಳ ಜೊತೆ” ಎಂದರು.

ಅಕ್ಟೋಬರ್ ೨೨, ಬುಧವಾರ

ಲಿಡ್ವಿನ್ ಬಂದಿದ್ದರು. ಜೋಸ್ಫಿನ್ ಕೊಟ್ಟ ಚಹಾವನ್ನು ಆರಲು ಬಿಟ್ಟು, ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿದರು. ಕೊನೆಗೆ, ಈ ವರ್ಷದ ಉಳಿದ ತರಗತಿಗಳನ್ನು ತಾವೇ ತೆಗೆದುಕೊಳ್ಳುವುದಾಗಿ ಹೇಳಿದರು. ಒಪ್ಪಿದೆ. ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಮಕ್ಕಳ ಹೆಸರು, ಸ್ವಭಾವ, ಯಾರು ಯಾವುದಕ್ಕೆ ನಗುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟಿದ್ದ ಪುಸ್ತಕವನ್ನು ಅವರಿಗೆ ಕೊಟ್ಟೆ.

“ಜೋಯ್ಲಿನ್ ಬಗ್ಗೆ ಎಂತ ಬರೆದಿದ್ದೀರಿ ಸರ್?” ಎಂದು ಕೇಳಿದರು. ತೆರೆದು ತೋರಿಸಿದೆ. ಸೆಪ್ಟೆಂಬರಿನಲ್ಲಿ ‘ಚುರುಕು, ತಿದ್ದಬೇಕು’ ಎಂದು ಬರೆದಿದ್ದೆ. ಅದರ ಮೇಲೆ ಯಾವಾಗಲೋ ಗೆರೆ ಎಳೆದಿದ್ದೇನೆ. ಬೇರೇನೂ ಬರೆದಿರಲಿಲ್ಲ.

ನವೆಂಬರ್ ೧, ಶನಿವಾರ

ಫಾದರ್ ಡ್ಯಾನಿಯಲ್ ಇಂದು ಅವಳನ್ನು ಕರೆಸಿದ್ದರು. ಕ್ಲಾರೆನ್ಸರಿಗೆ ಡ್ಯೂಟಿ ಇದ್ದುದರಿಂದ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಕಲಿಸಬೇಕಾದ್ದು ಏನೂ ತೋಚಲಿಲ್ಲ.

ಹತ್ತು ನಿಮಿಷದಲ್ಲಿ ಹೊರಬಂದಳು. ಫಾದರ್ ಹಿಂದೆಯೇ ಬಂದು, “ಲಿಡ್ವಿನ್‌ಗೆ ಹೇಳಿ, ಪಟ್ಟಿಯಲ್ಲಿ ಮೂವತ್ತೊಂದು ಹೆಸರು” ಎಂದಷ್ಟೇ ಹೇಳಿ ಒಳಗೆ ಹೋದರು. ಏನು ಕೇಳಿದರೆಂದು ನಾನು ವಿಚಾರಿಸಲಿಲ್ಲ. ಹೊರಗಿನ ಕೆಫೆಟೇರಿಯಾದಲ್ಲಿ ಅವಳಿಗೊಂದು ಕರಕ್, ಇಲ್ಲಿಯ ಗಟ್ಟಿ ಹಾಲಿನ ಚಹಾ, ಕೊಡಿಸಿದೆ. ಸಕ್ಕರೆ ಹೆಚ್ಚಾಯಿತು ಎಂದಳು.

ನವೆಂಬರ್ ೧೫, ಶನಿವಾರ

ತರಗತಿಯ ಗುರುಗಳಿಗೆ ಮೀಸಲಾದ ಸಾಲಿನಲ್ಲಿ ಇಂದು ಲಿಡ್ವಿನ್ ಕುಳಿತಿದ್ದರು. ನಾನು ಜೋಸ್ಫಿನ್ ಜೊತೆ ಹಿಂದೆ, ಕಂಬದ ಪಕ್ಕ. ಅಲ್ಲಿಂದ ಬಲಗಡೆಯ ಅರ್ಧ ಚರ್ಚ್ ಮಾತ್ರ ಕಾಣುತ್ತದೆ.

ಬಿಷಪರು ಕೇಳಿದರು, ಮಕ್ಕಳು “ನಂಬುತ್ತೇನೆ” ಎಂದರು. ಬೇರೆ ತರಗತಿಗಳ ಮಕ್ಕಳೂ ಸೇರಿ ನೂರಾರು ದನಿಗಳು, ಯಾರದು ಯಾವುದೆಂದು ಹೇಳಲಾಗದು. ಜೋಯ್ಲಿನ್‌ಳ ಸರದಿ ಬಂದಾಗ ಲವಿನಾರ ತಂಗಿ ಧರ್ಮಮಾತೆಯಾಗಿ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಆ ಹೊತ್ತಿಗೆ ಯಾರೋ ಫೋಟೋ ತೆಗೆಯಲು ಎದ್ದದ್ದರಿಂದ ನನಗೆ ಕಂಡದ್ದು ಅವಳ ಬಿಳಿ ಉಡುಪಿನ ತೋಳು ಮಾತ್ರ.

ಹೊರಗೆ ಅಂಗಳದಲ್ಲಿ ನೂಕುನುಗ್ಗಲು. ಕೇಕಿನ ತಟ್ಟೆ ಹಿಡಿದುಕೊಂಡು ನಮ್ಮ ಬಳಿ ಬಂದಳು. ಜೋಸ್ಫಿನ್ ಅವಳ ಹಣೆಗೆ ಮುತ್ತಿಟ್ಟು, “ಎಣ್ಣೆ ಒರೆಸ್ಬೇಡ, ಹಾಗೇ ಇರ್ಲಿ” ಎಂದು ಕ್ಲಾರೆನ್ಸರನ್ನು ಮಾತಾಡಿಸಲು ಹೋದಳು.

“ಸರ್, ಫಾದರ್ ಅವತ್ತು ಏನು ಕೇಳಿದ್ರು ಅಂತ ನೀವು ಕೇಳಲೇ ಇಲ್ಲ” ಎಂದಳು.

“ಹೇಳಬೇಕೆನಿಸಿದರೆ ನೀನೇ ಹೇಳುತ್ತಿದ್ದೆ.”

“ಪುರಾವೆ ಬಗ್ಗೆ ಏನೂ ಕೇಳಿಲ್ಲ. ಆ ಎರಡನೇ ಲೈನ್ ಓದಿಬಿಟ್ಟಿದ್ರೆ ಎಲ್ಲರಿಗೂ ಸುಲಭ ಆಗ್ತಿತ್ತು, ಯಾರಿಗೂ ಗೊತ್ತಾಗ್ತಾ ಇರಲಿಲ್ಲ, ಮತ್ತೆ ಯಾಕೆ ಓದ್ಲಿಲ್ಲ ಅಂದ್ರು.”

“ನೀನು ಏನೆಂದೆ?”

ಕೇಕಿನ ಮೇಲಿನ ಕ್ರೀಮನ್ನು ಚಮಚದಿಂದ ಬದಿಗೆ ಸರಿಸಿದಳು. “ಯಾರಿಗೂ ಗೊತ್ತಾಗಲ್ಲ ಅಂತ ನನಗೆ ಅನ್ನಿಸ್ಲೇ ಇಲ್ಲ ಫಾದರ್, ಅಂದೆ. ರೂಮಲ್ಲಿ ಒಬ್ಬಳೇ ಕೂತು ಆ ಲೈನ್ ನೆನಪಿಂದ ಹೇಳಿ ನೋಡಿದ್ದೆ. ಆಗ್ಲೂ ಯಾರೋ ಕೇಳಿಸ್ಕೊಳ್ತಾ ಇದ್ದ ಹಾಗಿತ್ತು.”

ನಾನು ಬಾಯಿ ತೆರೆದೆ. ಅವಳು ಚಮಚ ಎತ್ತಿ ತಡೆದಳು.

“ಸರ್, ಅದು ಪುರಾವೆ ಅಲ್ಲ. ಮುಂದಿನ ವರ್ಷದ ಮಕ್ಕಳಿಗೆ ಪುರಾವೆ ಅಂತ ಪಾಠ ಮಾಡ್ಬೇಡಿ.”

ಮಾಡುವುದಿಲ್ಲವೆಂದು ಮಾತು ಕೊಟ್ಟೆ. ಇಲ್ಲಿ ಬರೆದಿಟ್ಟಿರುವುದು ನನಗೋಸ್ಕರ.